ಬಂಡೆಗೆ ನನ್ನ ಅಂಕಪಟ್ಟಿ ಗೊತ್ತಿರಲಿಲ್ಲ

ಪದವಿಯ ಪರಿಸರ ಅಧ್ಯಯನ ಪತ್ರಿಕೆಯಲ್ಲಿ ತರಗತಿಗೇ ನನ್ನದು ಹೆಚ್ಚು ಅಂಕ. ‘ಅಂತರ್ಜಲ ಮರುಪೂರಣ ಎಂದರೇನು?’ ಎಂಬ ಪ್ರಶ್ನೆಗೆ ಚಿತ್ರ ಸಮೇತ ಉತ್ತರ ಬರೆದಿದ್ದೆ. ಅದೇ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ನಮ್ಮ ಊರಿನಲ್ಲಿ ಅಪ್ಪ ಮೂರನೇ ಕೊಳವೆಬಾವಿ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದವರು ತೋರಿಸಿದ ಜಾಗ ಅದು. 1200 ಅಡಿ ಇಳಿದರೂ ಬಂದದ್ದು ಬಿಳಿ ಧೂಳು ಮಾತ್ರ. ಬೋರ್‌ವೆಲ್ ಲಾರಿ ಹೊರಟುಹೋಯಿತು, ಸಾಲ ಉಳಿಯಿತು.

ರಾತ್ರಿ ಊಟಕ್ಕೆ ಕುಳಿತಾಗ, ‘ಮರುಪೂರಣ ಮಾಡಬೇಕಿತ್ತಪ್ಪಾ’ ಎಂದು ನನ್ನ ಪಾಠ ಶುರು ಮಾಡಿದೆ. ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದರು: ‘ಮಳೆ ಬಂದ್ರೆ ನಮ್ಮ ಹೊಲದ ನೀರು ಯಾವ ಕಡೆ ಹೋಗುತ್ತೆ, ಹೇಳಮ್ಮ?’

ನನಗೆ ಗೊತ್ತಿರಲಿಲ್ಲ. ಹುಟ್ಟಿ ಬೆಳೆದ ಹೊಲ!

ಬಿ.ಎ.ಯಲ್ಲಿ ತತ್ವಶಾಸ್ತ್ರವನ್ನೂ ಓದಿದವಳು ನಾನು. ಜಗತ್ತಿನ ಬಗೆಗಿನ ನಮ್ಮ ತಿಳಿವಳಿಕೆ ಬೇರೆ, ಜಗತ್ತು ಬೇರೆ. ನಾವು ತಿಳಿದರೂ ತಿಳಿಯದಿದ್ದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ ಎನ್ನುವುದು ವಾಸ್ತವವಾದ. ಬ್ರಿಟಿಷ್ ಚಿಂತಕ ರಾಯ್ ಭಾಸ್ಕರ್ 1975ರ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದರು. ಅದು ನನಗೆ ಅರ್ಥವಾದದ್ದು ಆ ಧೂಳಿನ ರಾಶಿಯ ಮುಂದೆ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ತೆಂಗಿನಕಾಯಿ ಏನೇ ಹೇಳಲಿ, ನನ್ನ ಅಂಕಪಟ್ಟಿ ಏನೇ ಹೇಳಲಿ, ಬಿರುಕಿಲ್ಲದ ಕಡೆ ಬಂಡೆ ನೀರು ಕೊಡುವುದಿಲ್ಲ.

ಮೊದಲ ಮಳೆಗೆ ಕೊಡೆ ಹಿಡಿದು ಹೊಲದಲ್ಲಿ ನೀರಿನ ಹಿಂದೆಯೇ ನಡೆದೆ. ಮಳೆ ನಿಂತು ನೆಲ ಆರಿದ ಮೇಲೆ ಒಂದೊಂದು ಅಡಿಯ ಎರಡು ಗುಂಡಿ ತೋಡಿ, ತಲಾ ಒಂದು ಬಕೆಟ್ ನೀರು ಸುರಿದೆ. ಕೆರೆಗೋಡು ಹಾಕಿಸಿದ್ದ ಮೆತ್ತನೆ ಜಾಗದಲ್ಲಿ ಬೇಗ ಇಂಗುತ್ತದೆ ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಅಲ್ಲಿ ಸಂಜೆಯಾದರೂ ನೀರು ನಿಂತೇ ಇತ್ತು. ಹೊಂಗೆ ಮರದ ಪಕ್ಕದ ಗುಂಡಿ ಅರ್ಧ ಗಂಟೆಯಲ್ಲಿ ಖಾಲಿ. ಜೇಡಿಯ ನುಣುಪು ಕಣಗಳು ನೀರನ್ನು ಹಿಡಿದಿಡುತ್ತವೆ, ಬೇರುಗಳು ದಾರಿ ಬಿಡುತ್ತವೆ. ಪುಸ್ತಕ ನನ್ನನ್ನು ಎಂದೂ ಹೀಗೆ ತಿದ್ದಿರಲಿಲ್ಲ, ಮಣ್ಣು ತಿದ್ದಿತು. ಲೆಕ್ಕ ಹಾಕಿದೆ: ಒಂದು ಎಕರೆಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. 5,000 ಲೀಟರಿನ ಎಂಟು ಟ್ಯಾಂಕರ್!

ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿಸಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಯುಜಿಸಿ ರೂಪಿಸಿದ ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯವೂ ಇದೆ. ನಾವು ಗೆಳತಿಯರು ಮಾಡಿದ್ದೇನು? ಇಂಟರ್‌ನೆಟ್‌ನಿಂದ ಕೆರೆಯ ಫೋಟೊ ಇಳಿಸಿಕೊಂಡು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟೆವು. ಕಾಲೇಜಿನ ಹಿಂದೆಯೇ ಕೆರೆಯಿತ್ತು.

ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅದೇ ವ್ಯಾಖ್ಯೆಗಳನ್ನು ಮತ್ತೆ ಬಾಯಿಪಾಠ ಮಾಡಲೇಬೇಕು, ತಪ್ಪಲ್ಲ. ಆದರೆ ಒಂದೊಂದನ್ನು ಓದಿದಾಗಲೂ ‘ಇದು ನಮ್ಮೂರಲ್ಲಿ ಎಲ್ಲಿದೆ?’ ಎಂದು ಕೇಳಿಕೊಳ್ಳುತ್ತೇನೆ. ನೀವೂ ಒಮ್ಮೆ ಕೇಳಿಕೊಂಡು ನೋಡಿ.

ಹೊಂಗೆ ಮರದ ಬಳಿ ಅಪ್ಪ, ನಾನು ಸೇರಿ ದೊಡ್ಡ ಇಂಗುಗುಂಡಿ ತೆಗೆದಿದ್ದೇವೆ. ಕೊಳವೆಬಾವಿಗೆ ನೀರು ಬಂತೇ? ಇನ್ನೂ ಇಲ್ಲ. ಸಾಲವೂ ತೀರಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿದೆ: ಈಶಾನ್ಯಕ್ಕೆ, ಹೊಂಗೆ ಮರದ ಪಕ್ಕದಿಂದ.