ಚಾರ್ಲ್ಸ್‌ಟನ್: ಅಳಿವೆಯ ಅಂಚಿನ ಹಳೆಯ ನಗರ

ಅಮೆರಿಕವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆಕಾಶವನ್ನು ಮುಟ್ಟುವಂತಿರುವ ಕಟ್ಟಡಗಳು, ಬಿಡುವಿಲ್ಲದ ವಾಹನಗಳ ಸಾಲು. ಆದರೆ ಆ ದೇಶದ ಆಗ್ನೇಯ ಕರಾವಳಿಯಲ್ಲಿ, ದಕ್ಷಿಣ ಕೆರೊಲೈನಾ ಸಂಸ್ಥಾನದಲ್ಲಿ, ಈ ಚಿತ್ರಕ್ಕೆ ಸ್ವಲ್ಪವೂ ಒಪ್ಪದ ಒಂದು ನಗರವುಂಟು. ಅಲ್ಲಿನ ಹಳೆಯ ಪೇಟೆಯಲ್ಲಿ ಇಂದಿಗೂ ಎಲ್ಲಕ್ಕಿಂತ ಎತ್ತರವಾಗಿ ಕಾಣುವುವು ಚರ್ಚುಗಳ ಶಿಖರಗಳು. ಕಲ್ಲು ಹಾಸಿದ ಓಣಿಗಳಲ್ಲಿ ಕುದುರೆಗಾಡಿಗಳು ಪ್ರವಾಸಿಗಳನ್ನು ಹೊತ್ತು ಸಾಗುತ್ತವೆ. ಅದೇ ಚಾರ್ಲ್ಸ್‌ಟನ್. ಕಡಲ ಗಾಳಿ, ಸಂಗೀತ, ನಾಟಕ, ರುಚಿಯಾದ ಊಟ ಇವುಗಳಿಗಾಗಿ ಅಲ್ಲಿಗೆ ಹೋಗುವವರೇ ಹೆಚ್ಚು. ಆದರೆ ಅಲ್ಲಿನ ಒಂದೊಂದು ಗೋಡೆಯೂ ಮರವೂ ಗದ್ದೆಯೂ ವಿಜ್ಞಾನದ ವಿದ್ಯಾರ್ಥಿಗೆ ಒಂದೊಂದು ಪ್ರಶ್ನೆಯನ್ನು ಹಾಕುವಂತಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ವಿಚಾರಿಸೋಣ.

ನಗರದ ನೆಲೆ

ಪಶ್ಚಿಮಕ್ಕೆ ಆಶ್ಲಿ ನದಿ, ಪೂರ್ವಕ್ಕೆ ಕೂಪರ್ ನದಿ. ಇವೆರಡರ ನಡುವೆ ನಾಲಗೆಯಂತೆ ಚಾಚಿದ ತಗ್ಗಾದ ನೆಲದ ಮೇಲೆ ಈ ನಗರವು ನಿಂತಿದೆ. ಎರಡು ನದಿಗಳಿಗೂ ಹೆಸರು ಬಂದುದು ಒಬ್ಬನೇ ಪ್ರಭುವಿನಿಂದ. ಆತನೇ ಆಂತೊನಿ ಆಶ್ಲಿ ಕೂಪರ್. ಆಶ್ಲಿ ಮತ್ತು ಕೂಪರ್ ನದಿಗಳು ಇಲ್ಲಿ ಕೂಡಿದುದರಿಂದಲೇ ಅಟ್ಲಾಂಟಿಕ್ ಮಹಾಸಾಗರವು ಹುಟ್ಟಿತೆಂದು ಊರಿನವರು ವಿನೋದವಾಗಿ ಹೇಳಿಕೊಳ್ಳುವುದುಂಟು!

ಇಂಗ್ಲಿಷ್ ವಲಸೆಗಾರರು 1670ರಲ್ಲಿ ಆಶ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ನೆಲೆಸಿ, ತಮ್ಮ ದೊರೆ ಎರಡನೆಯ ಚಾರ್ಲ್ಸನ ಹೆಸರನ್ನು ಊರಿಗೆ ಇಟ್ಟರು. 1680ರಲ್ಲಿ ಊರು ಈಗಿನ ಸ್ಥಳಕ್ಕೆ ಬದಲಾಯಿತು. ಬಂದರಿನ ಬಾಯಲ್ಲಿ ಕಾಣುವ ಸಮ್ಟರ್ ಕೋಟೆಯ ಮೇಲೆ 1861ರ ಏಪ್ರಿಲ್ 12ರಂದು ಹಾರಿದ ಗುಂಡುಗಳಿಂದಲೇ ಅಮೆರಿಕದ ಅಂತರ್ಯುದ್ಧವು ಆರಂಭವಾಯಿತು.

ಗಾಳಿಗಾಗಿ ಕಟ್ಟಿದ ಮನೆಗಳು

ಹಳೆಯ ಬೀದಿಗಳಲ್ಲಿ ನಡೆಯುವವನಿಗೆ ಒಂದು ವಿಚಿತ್ರವು ಎದ್ದು ಕಾಣುತ್ತದೆ. ಅನೇಕ ಮನೆಗಳು ಬೀದಿಗೆ ಮುಖ ಮಾಡಿಲ್ಲ. ಮನೆಯ ಕಿರಿದಾದ ಮಗ್ಗುಲು ಮಾತ್ರ ಬೀದಿಯ ಕಡೆಗಿದೆ. ಬೀದಿಯ ಬಾಗಿಲನ್ನು ತೆರೆದರೆ ದೊರೆಯುವುದು ಕೋಣೆಯಲ್ಲ, ಮನೆಯ ಉದ್ದಕ್ಕೂ ಹಬ್ಬಿದ ತೆರೆದ ಮೊಗಸಾಲೆ! ಅಗಲದಲ್ಲಿ ಒಂದೇ ಕೋಣೆ. ಮಹಡಿಯ ಮೇಲೆ ಮಹಡಿ. ಪ್ರತಿಯೊಂದಕ್ಕೂ ದಕ್ಷಿಣಕ್ಕೋ ಪಶ್ಚಿಮಕ್ಕೋ ಮೊಗಸಾಲೆ. ಇದರ ಕಾರಣವು ಸರಳವಾದುದು. ಹಗಲಿನಲ್ಲಿ ನೆಲವು ನೀರಿಗಿಂತ ಬೇಗನೆ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿಯು ಮೇಲೇರಲು, ಕಡಲಿನ ತಂಪುಗಾಳಿಯು ಆ ಸ್ಥಳವನ್ನು ತುಂಬಲು ಬರುತ್ತದೆ. ಮನೆಯು ಒಂದೇ ಕೋಣೆಯಷ್ಟು ಅಗಲವಾಗಿದ್ದರೆ ಈ ಗಾಳಿಯು ಒಂದು ಕಿಟಕಿಯಿಂದ ಹೊಕ್ಕು ಎದುರಿನ ಕಿಟಕಿಯಿಂದ ಹೊರಡಬಲ್ಲುದು. ಮೊಗಸಾಲೆಯ ನೆರಳು ಗೋಡೆಗೆ ಬಿಸಿಲು ತಾಗದಂತೆ ತಡೆಯುತ್ತದೆ. ವಿದ್ಯುತ್ತಿನ ಬೀಸಣಿಗೆಯೂ ಇಲ್ಲದ ಕಾಲದಲ್ಲಿ, ಸುಡುಬೇಸಗೆಯನ್ನು ಕಳೆಯಲು ಕಂಡುಕೊಂಡ ಉಪಾಯವಿದು. ಇಂತಹ ಕಟ್ಟಡಗಳನ್ನು ಉಳಿಸಿಕೊಳ್ಳಲು ನಗರವು 1931ರಲ್ಲಿಯೇ ಕಾನೂನನ್ನು ಮಾಡಿತು. ಅಮೆರಿಕದಲ್ಲಿ ಅಂತಹ ಕಾನೂನುಗಳಲ್ಲಿ ಅದೇ ಮೊದಲನೆಯದು.

ನಡುಗಿದ ನೆಲ

ಈ ಮನೆಗಳ ಗೋಡೆಗಳ ಮೇಲೆ ಅಲ್ಲಲ್ಲಿ ಕಬ್ಬಿಣದ ದುಂಡು ಬಿಲ್ಲೆಗಳು ಕಾಣುತ್ತವೆ. ಅವು ಅಲಂಕಾರವೆಂದು ತಿಳಿದರೆ ತಪ್ಪಾದೀತು. 1886ರ ಆಗಸ್ಟ್ 31ರ ರಾತ್ರಿ ಸುಮಾರು ಹತ್ತು ಗಂಟೆಯ ಹೊತ್ತಿಗೆ ಇಲ್ಲಿ ಭಾರಿ ಭೂಕಂಪವಾಯಿತು. ಒಂದು ನಿಮಿಷದೊಳಗೆ ನಗರದ ಬಹುಪಾಲು ಇಟ್ಟಿಗೆಯ ಕಟ್ಟಡಗಳು ಬಿರಿದವು; ಸುಮಾರು 60 ಮಂದಿ ಪ್ರಾಣ ಕಳೆದುಕೊಂಡರು. ಅದರ ಪ್ರಮಾಣವು ಸುಮಾರು 7 ಇದ್ದಿರಬೇಕೆಂದು ಇಂದಿನ ವಿಜ್ಞಾನಿಗಳ ಅಂದಾಜು. ಹೊರಕ್ಕೆ ಬಾಗಿದ ಗೋಡೆಗಳನ್ನು ಹಿಡಿದು ನಿಲ್ಲಿಸಲು, ಮನೆಯ ಈ ಬದಿಯಿಂದ ಆ ಬದಿಗೆ ಕಬ್ಬಿಣದ ಸರಳುಗಳನ್ನು ತೂರಿಸಿ, ತುದಿಗಳನ್ನು ಈ ಬಿಲ್ಲೆಗಳಿಂದ ಬಿಗಿದರು. ಅಂತಹ ಇನ್ನೊಂದು ಭೂಕಂಪವನ್ನು ಅವು ತಡೆದಾವೇ ಎಂಬ ಪರೀಕ್ಷೆಯು ಇನ್ನೂ ಆಗಿಲ್ಲ.

ಕ್ಯಾಲಿಫೋರ್ನಿಯದಂತಹ ಪ್ರದೇಶವು ಭೂಫಲಕಗಳ ಅಂಚಿನಲ್ಲಿದೆ. ಅಲ್ಲಿ ಭೂಕಂಪವಾದರೆ ಆಶ್ಚರ್ಯವಿಲ್ಲ. ಚಾರ್ಲ್ಸ್‌ಟನ್ ಇರುವುದಾದರೋ ಫಲಕದ ಒಳಭಾಗದಲ್ಲಿ. ಆದರೂ ಆಳದಲ್ಲಿ ಹೂತುಹೋದ ಪುರಾತನ ಬಿರುಕುಗಳಲ್ಲಿ ಒತ್ತಡವು ನಿಧಾನವಾಗಿ ಶೇಖರವಾಗುತ್ತದೆ. ಗಟ್ಟಿ ನೆಲವೆಂದು ನಾವು ನಂಬಿದ್ದ ದಕ್ಖನ್ನಿನ ಲಾತೂರಿನಲ್ಲಿ 1993ರಲ್ಲಿ ಆದ ಅನಾಹುತವೂ ಫಲಕದ ಒಳಗಿನದೇ. ಅಮೆರಿಕದ ಪೂರ್ವಭಾಗದ ಶಿಲೆಯು ಹಳೆಯದು, ತಣ್ಣಗಿನದು, ಬಿಗಿಯಾದುದು. ಆದುದರಿಂದ ಕಂಪನವು ಅದರಲ್ಲಿ ಬಹುದೂರ ಹರಿಯುತ್ತದೆ. ಆ ರಾತ್ರಿಯ ನಡುಕವು ಬಾಸ್ಟನ್, ಷಿಕಾಗೊ ಮತ್ತು ಕ್ಯೂಬಾದವರೆಗೂ ಅನುಭವಕ್ಕೆ ಬಂದಿತು.

ಆಗ ನೆಲದಲ್ಲಿ ಹಲವೆಡೆ ಕುಳಿಗಳು ಬಾಯ್ದೆರೆದು ಮರಳೂ ನೀರೂ ಚಿಮ್ಮಿದುವು. ನೀರು ತುಂಬಿದ ಸಡಿಲ ಮರಳನ್ನು ಕುಲುಕಿದರೆ ಕಣಗಳು ಒಂದನ್ನೊಂದು ಆಧರಿಸುವುದನ್ನು ಬಿಟ್ಟು, ನೆಲವೇ ದ್ರವದಂತೆ ವರ್ತಿಸುತ್ತದೆ. ಅಂತಹ ಹಳೆಯ ಕುಳಿಗಳನ್ನು ಅಗೆದು ನೋಡಿದ ವಿಜ್ಞಾನಿಗಳು, ಕಳೆದ ಕೆಲವು ಸಾವಿರ ವರ್ಷಗಳಲ್ಲಿ ಇಲ್ಲಿ ಇಂತಹ ಭೂಕಂಪಗಳು ಹಲವು ಸಲ ಆಗಿವೆಯೆಂದು ಕಂಡುಕೊಂಡಿದ್ದಾರೆ.

ಗುಂಡನ್ನು ನುಂಗಿದ ಮರ

ಬಂದರಿನ ಆಚೆ ಸಲಿವನ್ ದ್ವೀಪದಲ್ಲಿ ಮೌಲ್ಟ್ರಿ ಕೋಟೆಯಿದೆ. 1776ರ ಜೂನ್ 28ರಂದು ಬ್ರಿಟಿಷ್ ನೌಕಾಪಡೆಯು ಇದರ ಮೇಲೆ ಗುಂಡಿನ ಮಳೆಗರೆಯಿತು. ಆಗ ಕೋಟೆಯು ಪೂರ್ಣವಾಗಿರಲಿಲ್ಲ. ಪಾಮೆಟೊ ಎಂಬ ತಾಳೆಯ ಜಾತಿಯ ಮರದ ದಿಮ್ಮಿಗಳನ್ನು ಪೇರಿಸಿ, ನಡುವೆ ಮರಳನ್ನು ತುಂಬಿದ ಗೋಡೆಯದು. ಆದರೆ ಗುಂಡುಗಳು ಅದನ್ನು ಒಡೆಯಲಾರದೆ ಹೂತುಹೋದವು. ಓಕ್‌ನಂತಹ ಗಟ್ಟಿ ಮರವಾಗಿದ್ದರೆ ಸಿಡಿದು ಚೂರುಗಳು ಸೈನಿಕರನ್ನೇ ಇರಿಯುತ್ತಿದ್ದವು. ನಮ್ಮ ತೆಂಗಿನಂತೆ ಪಾಮೆಟೊ ಕೂಡ ಏಕದಳ ಸಸ್ಯ. ಅದರ ಕಾಂಡದಲ್ಲಿ ವರ್ಷದ ಬಳೆಗಳಿಲ್ಲ. ಮೆತ್ತನೆಯ ಅಂಗಾಂಶದಲ್ಲಿ ನಾರಿನ ಕಟ್ಟುಗಳು ಚದರಿಕೊಂಡಿವೆ. ಹೊಡೆತದ ಶಕ್ತಿಯನ್ನು ಅದು ಕುಗ್ಗಿ ಹೀರಿಕೊಳ್ಳುತ್ತದೆ. ಇಂದು ಸಂಸ್ಥಾನದ ಧ್ವಜದ ಮೇಲೆ ಈ ಮರವೇ ಇದೆ.

ಅಕ್ಕಿ, ನೀಲಿ ಮತ್ತು ಗುಲಾಮಗಿರಿ

ಈ ಭವ್ಯ ಮನೆಗಳನ್ನು ಕಟ್ಟಿದ ಹಣವೆಲ್ಲಿಯದು? ಪ್ರವಾಸಿಯು ಕೇಳಲೇಬೇಕಾದ ಪ್ರಶ್ನೆಯಿದು. ಅದರ ಬಹುಪಾಲು ಅಕ್ಕಿ ಮತ್ತು ನೀಲಿಯ ಹಣ. ಅವುಗಳನ್ನು ಬೆಳೆದವರು ಆಫ್ರಿಕದಿಂದ ಸೆರೆಹಿಡಿದು ತಂದ ಜನ. ಉತ್ತರ ಅಮೆರಿಕದ ನೆಲಕ್ಕೆ ತಂದ ಗುಲಾಮರಲ್ಲಿ ನೂರಕ್ಕೆ ಸುಮಾರು 40 ಮಂದಿ ಚಾರ್ಲ್ಸ್‌ಟನ್ನಿನ ಬಂದರಿನ ಮೂಲಕವೇ ಬಂದರೆಂದು ಅಂದಾಜು.

ಪಶ್ಚಿಮ ಆಫ್ರಿಕದ ಜನರಿಗೆ ಭತ್ತದ ಬೇಸಾಯವು ಶತಮಾನಗಳಿಂದ ಕರಗತವಾಗಿದ್ದಿತು. ಇಲ್ಲಿ ಅವರ ಕೈಯಿಂದ ಜೌಗುಕಾಡುಗಳನ್ನು ಕಡಿಸಿ, ಮೈಲಿಗಟ್ಟಲೆ ಒಡ್ಡುಗಳನ್ನು ಹಾಕಿಸಿದರು. ಒಡ್ಡಿನಲ್ಲಿ ಮರದ ತೂಬುಗಳು. ಕಡಲು ಉಬ್ಬಿದಾಗ ನದಿಯ ಸಿಹಿನೀರು ಹಿಂದಕ್ಕೆ ತಳ್ಳಲ್ಪಟ್ಟು ಏರುತ್ತದೆ. ಉಪ್ಪುನೀರು ಭಾರವಾದುದರಿಂದ ಅಡಿಯಲ್ಲಿ ಉಳಿಯುತ್ತದೆ. ಆ ಹೊತ್ತಿಗೆ ತೂಬನ್ನು ತೆರೆದರೆ ಗದ್ದೆಗೆ ಸಿಹಿನೀರು. ಇಳಿತದಲ್ಲಿ ತೆರೆದರೆ ನೀರು ಹೊರಕ್ಕೆ. ಲೆಕ್ಕ ತಪ್ಪಿದರೆ ಉಪ್ಪು ನುಗ್ಗಿ ಬೆಳೆ ನಾಶ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಒಡ್ಡು, ತೂಬು, ಉಪ್ಪುನೀರಿನ ಈ ಹೋರಾಟವು ಹೊಸದಲ್ಲ. ಹೀಗೆ ಬೆಳೆದ ಭತ್ತವನ್ನು ಒರಳಿನಲ್ಲಿ ಕುಟ್ಟಿ, ಹುಲ್ಲಿನಿಂದ ಹೆಣೆದ ಅಗಲವಾದ ಬುಟ್ಟಿಗಳಲ್ಲಿ ತೂರುತ್ತಿದ್ದರು. ಆ ಬುಟ್ಟಿಗಳನ್ನು ಅವರ ಸಂತತಿಯವರು ಇಂದಿಗೂ ಹೆಣೆದು ನಗರದ ಮಾರುಕಟ್ಟೆಯಲ್ಲಿ ಮಾರುತ್ತಾರೆ. ಇಂಗ್ಲಿಷೂ ಆಫ್ರಿಕದ ಭಾಷೆಗಳೂ ಬೆರೆತು ಹುಟ್ಟಿದ ಗಲ್ಲಾ ಎಂಬ ಭಾಷೆಯೂ ಅವರಲ್ಲಿ ಉಳಿದಿದೆ.

ನೀಲಿಯ ಕಥೆ ನಮಗೂ ಸಂಬಂಧಿಸಿದುದು. 1740ರ ದಶಕದಲ್ಲಿ ಎಲೈಜಾ ಲೂಕಾಸ್ ಎಂಬ ತರುಣಿಯು ಇಲ್ಲಿ ನೀಲಿಗಿಡದ ಬೇಸಾಯವನ್ನು ಯಶಸ್ವಿಗೊಳಿಸಿದಳು; ದುಡಿದ ಕೈಗಳು ಗುಲಾಮರವೇ. ನೀಲಿಯ ಎಲೆಯಲ್ಲಿ ನೀಲಿ ಬಣ್ಣವಿಲ್ಲ. ಎಲೆಗಳನ್ನು ನೀರಿನಲ್ಲಿ ಕೊಳೆಹಾಕಿದಾಗ ಬಣ್ಣವಿಲ್ಲದ ಪದಾರ್ಥವೊಂದು ಬಿಡುಗಡೆಯಾಗುತ್ತದೆ. ಆ ನೀರನ್ನು ಬಡಿದು ಗಾಳಿಯನ್ನು ಸೇರಿಸಿದರೆ, ಆಮ್ಲಜನಕದೊಡನೆ ಕೂಡಿ ನೀಲಿಯಾಗಿ ತಳಕ್ಕಿಳಿಯುತ್ತದೆ. ಅಮೆರಿಕವು ಸ್ವತಂತ್ರವಾದ ಮೇಲೆ ಬ್ರಿಟನ್ನಿನ ಸಹಾಯಧನವು ನಿಂತು, ಆ ವ್ಯಾಪಾರವು ಬಂಗಾಳದ ಕಡೆಗೆ ತಿರುಗಿತು. ಅಲ್ಲಿನ ರೈತರು ಪಟ್ಟ ಪಾಡು 1859ರ ನೀಲಿ ದಂಗೆಗೂ, ಬಿಹಾರದಲ್ಲಿ 1917ರ ಚಂಪಾರಣ್ಯ ಸತ್ಯಾಗ್ರಹಕ್ಕೂ ದಾರಿಯಾಯಿತು. ಒಂದೇ ಬಣ್ಣವು ಎರಡು ಖಂಡಗಳ ಬಡವರನ್ನು ಹಿಂಡಿತು.

ಇದನ್ನು ಮರೆಸದೆ ಹೇಳುವ ಸ್ಥಳಗಳು ಈಗ ನಗರದಲ್ಲಿವೆ. ಗುಲಾಮರ ಹಡಗುಗಳು ತಂಗುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯವು ತೆರೆಯಿತು. ಆ ನೆಲವನ್ನು ತುಳಿಯಬಾರದೆಂಬಂತೆ ಕಟ್ಟಡವನ್ನು 18 ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಇನ್ನೂ ಸಣ್ಣದೊಂದು ಸಾಕ್ಷಿಯು ಹಳೆಯ ಗೋಡೆಗಳಲ್ಲಿದೆ. ಕೆಲವು ಇಟ್ಟಿಗೆಗಳ ಮೇಲೆ ಬೆರಳಿನ ಗುರುತುಗಳು ಕಾಣುತ್ತವೆ. ಹಸಿಯಾಗಿದ್ದ ಇಟ್ಟಿಗೆಯನ್ನು ಎತ್ತಿಟ್ಟ ಗುಲಾಮರ ಬೆರಳುಗಳವು. ಕೆಲವು ಮಕ್ಕಳ ಬೆರಳುಗಳಷ್ಟೇ ಚಿಕ್ಕವು.

ನೀರಿನಿಂದೆದ್ದ ಜಲಾಂತರ್ಗಾಮಿ

ಅಂತರ್ಯುದ್ಧದಲ್ಲಿ ದಕ್ಷಿಣದವರು ಕಟ್ಟಿದ ಹನ್ಲಿ ಎಂಬ ಕಬ್ಬಿಣದ ಜಲಾಂತರ್ಗಾಮಿಯು 1864ರ ಫೆಬ್ರವರಿ 17ರಂದು ಈ ಬಂದರಿನ ಹೊರಗೆ ಶತ್ರುನೌಕೆಯೊಂದನ್ನು ಮುಳುಗಿಸಿತು. ಯುದ್ಧದಲ್ಲಿ ಹಡಗನ್ನು ಮುಳುಗಿಸಿದ ಮೊದಲ ಜಲಾಂತರ್ಗಾಮಿ ಇದೇ. ಅದಕ್ಕೆ ಯಂತ್ರವಿರಲಿಲ್ಲ, ಒಳಗೆ ಕುಳಿತ ಜನರು ಕೈಯಿಂದ ತಿರುಗಿಸಬೇಕಾಗಿದ್ದಿತು. ಅದೂ ಅದರ ಎಂಟು ಮಂದಿಯೂ ಅಂದು ಹಿಂದಿರುಗಲಿಲ್ಲ. 1995ರಲ್ಲಿ ಪತ್ತೆಯಾದ ಅದನ್ನು 2000ದ ಆಗಸ್ಟಿನಲ್ಲಿ ಮೇಲೆತ್ತಿದರು. ಸಮುದ್ರದಲ್ಲಿದ್ದ ಕಬ್ಬಿಣದೊಳಗೆ ಉಪ್ಪಿನ ಕ್ಲೋರೈಡ್ ಇಳಿದಿರುತ್ತದೆ. ಒಮ್ಮೆಲೆ ಒಣಗಿಸಿದರೆ ತುಕ್ಕು ಹಬ್ಬಿ ಲೋಹವು ಹಪ್ಪಳಗಟ್ಟಿ ಉದುರೀತು. ಆದುದರಿಂದ ಅದನ್ನು ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟು ಕ್ಲೋರೈಡನ್ನು ಮೆಲ್ಲನೆ ಹೊರತೆಗೆಯುವ ಕ್ರಮವನ್ನು ಅನುಸರಿಸಿದರು.

ಏರುತ್ತಿರುವ ನೀರು

ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರದ ಹೊತ್ತಿಗೆ, ಮೋಡವೇ ಇಲ್ಲದ ದಿನದಲ್ಲಿಯೂ, ನಗರದ ಕೆಲವು ಬೀದಿಗಳಲ್ಲಿ ಚರಂಡಿಯ ಬಾಯಿಂದ ನೀರುಕ್ಕುವುದನ್ನು ಪ್ರವಾಸಿಯು ನೋಡಬಹುದು. ಸೂರ್ಯಚಂದ್ರರು ಒಂದೇ ನೇರದಲ್ಲಿ ಎಳೆಯುವುದರಿಂದ ಆಗ ಉಬ್ಬರವು ಹೆಚ್ಚು. ಇದು ಮೊದಲಿನಿಂದಲೂ ಇದ್ದುದೇ. ಹೊಸದೇನೆಂದರೆ, ಇಲ್ಲಿನ ಅಳತೆಮಾಪಕವು ನೂರು ವರ್ಷಗಳಲ್ಲಿ ಸಮುದ್ರಮಟ್ಟವು ಸುಮಾರು ಒಂದು ಅಡಿ ಏರಿದೆಯೆಂದು ತೋರಿಸಿದೆ. ಬಿಸಿಯಾದ ಸಾಗರದ ನೀರು ಹಿಗ್ಗುತ್ತಿದೆ. ನೆಲದ ಮೇಲಿನ ಹಿಮರಾಶಿಗಳು ಕರಗುತ್ತಿವೆ. ಇಲ್ಲಿಯ ನೆಲವೂ ನಿಧಾನವಾಗಿ ಕುಸಿಯುತ್ತಿದೆ. 2019ರ ಒಂದೇ ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಸಲ ಇಲ್ಲಿ ಕಡಲನೀರು ಪ್ರವಾಹದ ಮಟ್ಟವನ್ನು ಮುಟ್ಟಿತು. ಹಿಂದಿನವರು ತೊರೆಗಳನ್ನೂ ಜೌಗನ್ನೂ ತುಂಬಿಸಿ ಬೀದಿಗಳನ್ನು ಮಾಡಿದ್ದರು. ನೀರು ಈಗ ತನ್ನ ಹಳೆಯ ದಾರಿಗಳನ್ನೇ ಹುಡುಕಿಕೊಂಡು ಬರುತ್ತಿದೆ. ಕಡಲಗೋಡೆಯ ಒಂದು ಭಾಗವನ್ನು ಎತ್ತರಿಸಿದ್ದಾರೆ. ಕೆಲವು ಹಳೆಯ ಮನೆಗಳನ್ನು ಬುಡಸಹಿತ ಮೇಲೆತ್ತಿ ನಿಲ್ಲಿಸಿದ್ದಾರೆ.

ಗಾಳಿಯನ್ನು ಅರಿತು ಮನೆಯನ್ನೂ, ಉಬ್ಬರವನ್ನು ಅರಿತು ಗದ್ದೆಯನ್ನೂ ಕಟ್ಟಿದ ಜನರ ಊರಿದು. ಅದೇ ಉಬ್ಬರವು ಇಂದು ಅದಕ್ಕೆ ಹೊಸ ಪಾಠವನ್ನು ಹೇಳುತ್ತಿದೆ. ಮಂಗಳೂರು, ಕಾರವಾರಗಳ ಅಳಿವೆಗಳ ಬದಿಯಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಆ ಪಾಠವು ಬಹಳ ದೂರದ್ದೇನೂ ಅಲ್ಲ.