ತಿಳಿಯದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು

ಕೆಲವು ವರ್ಷಗಳ ಹಿಂದೆ ಹೊಳಗುಂದಿ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಆದವಾನಿಯ ನನ್ನ ಕಚೇರಿಗೆ ಬಂದರು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಅವರ ಮಗ ಶಾಲೆಗೆ ಹೊರಟಿದ್ದ ಆಟೋ ತಿರುವಿನಲ್ಲಿ ಮಗುಚಿಬಿದ್ದು, ಹುಡುಗನ ಬಲಗಾಲು ಮುರಿದಿತ್ತು. ಊರ ಹಿರಿಯರು ಕೂಡಿ ಇಪ್ಪತ್ತು ಸಾವಿರ ರೂಪಾಯಿ ಕೊಡಿಸಿ ರಾಜಿ ಮಾಡಿಸಿದ್ದರು. ತಾಯಿ ಒಂದು ತೆಲುಗು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಮೂರು ತಿಂಗಳಾದರೂ ಕಾಲು ಸರಿಹೋಗದೆ, ಎರಡನೆಯ ಶಸ್ತ್ರಚಿಕಿತ್ಸೆಗೆ ಹಣವಿಲ್ಲದೆ ಅವರು ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಆ ಕಾಗದವನ್ನು ನಾನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹುಡುಗ ತಾನಾಗಿಯೇ ಆಟೋದಿಂದ ಜಿಗಿದನೆಂದೂ, ಚಾಲಕನ ತಪ್ಪೇನೂ ಇಲ್ಲವೆಂದೂ ಅದರಲ್ಲಿ ಬರೆದಿತ್ತು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಸ್ಪತ್ರೆಯ ಅಪಘಾತ ವಹಿಯಲ್ಲಿಯೂ ‘ತಾನೇ ಬಿದ್ದು ಗಾಯ’ ಎಂದಿತ್ತು. ನಾವು ಅರ್ಜಿ ಹಾಕಿದೆವು. ಈ ಎರಡು ಕಾಗದಗಳ ಮುಂದೆ ಅರ್ಜಿ ನಿಲ್ಲಲಿಲ್ಲ. ಮೇಲ್ಮನವಿ ಇಂದಿಗೂ ಹೈಕೋರ್ಟಿನಲ್ಲಿದೆ.

ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡುಕೊಂಡ ಸತ್ಯ ಇದು: ಅಪಘಾತದ ಪರಿಹಾರ ಬಹುಮಟ್ಟಿಗೆ ಮೊದಲ ವಾರದಲ್ಲಿಯೇ ನಿರ್ಧಾರವಾಗುತ್ತದೆ. ಆ ವಾರ ಯಾವ ಕಾಗದದಲ್ಲಿ ಏನು ಬರೆಯಲ್ಪಟ್ಟಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ತೆಲುಗು ಓದಲು ಬಾರದ ನಮ್ಮ ಕನ್ನಡ ಕುಟುಂಬಗಳಿಗೆ ಆ ವಾರವೇ ಅತ್ಯಂತ ಕಠಿಣವಾದುದು.

ನಮ್ಮ ದಾರಿಯ ಅಪಾಯಗಳು

ಆಲೂರು, ಹಾಲಹರವಿ, ಕೌತಾಳ, ಕೋಸಗಿ ಭಾಗದಲ್ಲಿ ಜನ ಹೇಗೆ ಓಡಾಡುತ್ತಾರೆಂಬುದನ್ನು ನಾವೆಲ್ಲ ಬಲ್ಲೆವು. ಮಕ್ಕಳು ಶಾಲೆಗೆ ಕಿಕ್ಕಿರಿದ ಆಟೋಗಳಲ್ಲಿ ಹೋಗುತ್ತಾರೆ. ಹತ್ತಿ ಬಿಡಿಸುವ ಹೆಂಗಸರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಹೊಲಕ್ಕೆ ಹೋಗುತ್ತಾರೆ. ಮೆಣಸಿನಕಾಯಿ ಸುಗ್ಗಿಗೆ ಗುಂಟೂರಿನ ಕಡೆ ಗುಳೆ ಹೋಗುವ ಕುಟುಂಬಗಳು ಮಕ್ಕಳೊಡನೆ ಸರಕು ವಾಹನವೇರುತ್ತವೆ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ಆ ವಾಹನದ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿಯೇ ತೀರ್ಪಿತ್ತಿದೆ. ತನ್ನ ಸರಕಿನೊಡನೆ ಹೋಗುವ ಒಡೆಯನಿಗೆ ರಕ್ಷಣೆಯುಂಟು. ಉಳಿದವರು ವಾಹನದ ಮಾಲೀಕನಿಂದಲೇ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ಎರಡೆಕರೆ ಹೊಲವುಳ್ಳ ಮಾಲೀಕನಿಂದ ಹತ್ತು ಲಕ್ಷ ರೂಪಾಯಿ ಬರುವುದು ಹೇಗೆ? ಟ್ರೇಲರ್ ಹತ್ತುವ ಮುನ್ನ ಈ ಪ್ರಶ್ನೆಯನ್ನು ನೆನೆಯಬೇಕು.

ಕಾರ್ಖಾನೆಯ ಗಾಯಗಳ ಮಾತು ಬೇರೆ. ಆದವಾನಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಂಥ ಕಡೆ ಯಂತ್ರಕ್ಕೆ ಕೈ ಸಿಕ್ಕಿದರೆ, ಯಾರ ತಪ್ಪೆಂಬ ವಿಚಾರಕ್ಕಿಂತ ಮೊದಲು ಮಾಲೀಕನ ಹೊಣೆ ಬರುತ್ತದೆ. ಕಾರ್ಮಿಕನು ಸತ್ತಾಗ ಮನೆಯವರ ಕೈಗೆ ನೇರವಾಗಿ ಹಣವಿತ್ತು ವ್ಯವಹಾರ ಮುಗಿಸುವುದನ್ನು 1923ರ ಕಾಯಿದೆಯೇ ಒಪ್ಪಲಿಲ್ಲ. ಪರಿಹಾರದ ಹಣ ಅಧಿಕಾರಿಯ ಮುಂದೆ ಠೇವಣಿಯಾಗಬೇಕೆಂದು ಅದು ವಿಧಿಸಿತು.

ಮೊದಲ ವಾರದ ಕೆಲಸ

ಮೊದಲನೆಯದು ಚಿಕಿತ್ಸೆ. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯೊಳಗೆ, ನಗದಿಲ್ಲದೆ ಚಿಕಿತ್ಸೆ ದೊರೆಯಬೇಕು. ದಾಖಲು ಮಾಡುವಾಗ ಗಾಯ ಹೇಗಾಯಿತೆಂದು ವೈದ್ಯರು ಕೇಳುತ್ತಾರೆ. ಜೊತೆಗೆ ಹೋದವರು ನಡೆದದ್ದನ್ನು ನಡೆದಂತೆಯೇ ಹೇಳಬೇಕು, ವಾಹನದ ಸಂಖ್ಯೆ ತಿಳಿದಿದ್ದರೆ ಅದನ್ನೂ ಬರೆಸಬೇಕು. ‘ಪೊಲೀಸರ ಗೊಡವೆ ಬೇಡ, ಬಿದ್ದನೆಂದು ಹೇಳಿ’ ಎನ್ನುವವರು ಹಿತೈಷಿಗಳಂತೆ ಕಾಣಬಹುದು. ಆ ಒಂದು ಮಾತು ಮುಂದೆ ಮಗುವಿನ ಹಕ್ಕನ್ನು ಕಸಿಯುತ್ತದೆ.

ಎರಡನೆಯದು ದೂರು. ಬಾಯಿಮಾತಿನಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದು ಕಾನೂನಿನ ಆಜ್ಞೆ, ಯಾರ ಉಪಕಾರವೂ ಅಲ್ಲ. ತೆಲುಗಿನಲ್ಲಿ ಓದಿದ್ದು ಅರ್ಥವಾಗದಿದ್ದರೆ ತಿಳಿದವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ತನಗಾದ ಅನ್ಯಾಯದ ಪರಿಹಾರಕ್ಕಾಗಿ ಯಾವುದೇ ಅಧಿಕಾರಿಗೆ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯೂ ಮನವಿಯೇ.

ಮೂರನೆಯದು ಸಂಗ್ರಹ. ಔಷಧಿ ಚೀಟಿ, ಬಿಲ್ಲು, ಎಕ್ಸ್‌ರೇ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾಗದ, ಆಸ್ಪತ್ರೆಗೆ ಓಡಾಡಿದ ವಾಹನದ ರಸೀದಿ ಇವೆಲ್ಲವೂ ಒಂದೇ ಚೀಲದಲ್ಲಿರಲಿ.

ಅವಧಿಯ ವಿಚಾರದಲ್ಲಿ ಎಚ್ಚರ ಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಕೈಚೆಲ್ಲಬೇಕಾಗಿಲ್ಲ. ಅಂಥ ಪ್ರಕರಣದಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ದೊರೆಯುತ್ತದೆ. ಅದಕ್ಕೆ ಕಂದಾಯ ಅಧಿಕಾರಿಗಳ ಮೂಲಕ ಅರ್ಜಿ ಸಲ್ಲಿಸಬೇಕು.

ಗಡಿ ದಾಟಿದ ಅಪಘಾತ

2025ರ ಜನವರಿಯಲ್ಲಿ ಮಂತ್ರಾಲಯದ ಸಂಸ್ಕೃತ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ವಾಹನ ಸಿಂಧನೂರಿನ ಬಳಿ ಉರುಳಿ, ಮೂವರು ವಿದ್ಯಾರ್ಥಿಗಳೂ ಚಾಲಕನೂ ಮೃತರಾದುದು ನಮ್ಮ ನೆನಪಿನಲ್ಲಿದೆ. ಹೊರಟದ್ದು ಆಂಧ್ರದಿಂದ, ದುರಂತ ನಡೆದದ್ದು ಕರ್ನಾಟಕದಲ್ಲಿ. ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳಿಗೆ ನಿತ್ಯ ಓಡಾಡುವ ನಮಗೆ ಇಂಥ ಪ್ರಶ್ನೆ ಯಾವಾಗಲಾದರೂ ಎದುರಾಗಬಹುದು. ಇಲ್ಲಿ ಕಾನೂನು ಉದಾರವಾಗಿದೆ: ಅಪಘಾತ ನಡೆದ ಸ್ಥಳ, ಅರ್ಜಿದಾರನು ವಾಸಿಸುವ ಸ್ಥಳ, ಪ್ರತಿವಾದಿಯು ವಾಸಿಸುವ ಸ್ಥಳ ಇವುಗಳಲ್ಲಿ ಅರ್ಜಿದಾರನು ಆರಿಸಿಕೊಂಡ ಕಡೆಯ ನ್ಯಾಯಮಂಡಳಿಗೆ ಹೋಗಬಹುದು. ಬಳ್ಳಾರಿಯಲ್ಲಿ ಅಪಘಾತವಾಯಿತೆಂದು ಆಲೂರಿನ ವಿಧವೆ ವರ್ಷಗಟ್ಟಲೆ ಬಳ್ಳಾರಿಗೆ ಅಲೆಯಬೇಕಾಗಿಲ್ಲ.

ಶಾಲೆಯ ಕಾಗದದ ಬೆಲೆ

ಪರಿಹಾರವನ್ನು ಲೆಕ್ಕ ಹಾಕುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಮೂವತ್ತು ವರ್ಷದ ಗೌಂಡಿಯೊಬ್ಬನ ದುಡಿಮೆ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಮುಂದೆ ಹೆಚ್ಚಬಹುದಾದ ಆದಾಯವೆಂದು ಶೇಕಡಾ 40 ಸೇರಿಸಿದರೆ 16,800, ವರ್ಷಕ್ಕೆ 2,01,600. ಅವನ ವಯಸ್ಸಿಗೆ ಗುಣಕ 17. ದುಡಿಮೆಯ ಶಕ್ತಿ ಶೇಕಡಾ 40 ಕುಂದಿದ್ದರೆ ಆ ಒಂದು ಬಾಬಿಗೇ 13,70,880 ರೂಪಾಯಿ. ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ ಬೇರೆ. ದಾಖಲೆಯಲ್ಲಿ ಅವನ ವಯಸ್ಸು 31 ಎಂದಿದ್ದರೆ ಗುಣಕ 16ಕ್ಕೆ ಇಳಿದು 80,640 ರೂಪಾಯಿ ಕಡಿಮೆಯಾಗುತ್ತದೆ. ವಯಸ್ಸಿಗೆ ಆಧಾರ್ ಕಾರ್ಡಿಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವೇ ನಂಬತಕ್ಕದ್ದೆಂದು ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಹೇಳಿದೆ. ಕನ್ನಡ ಶಾಲೆಯ ಟಿ.ಸಿ. ಪೆಟ್ಟಿಗೆಯಲ್ಲಿ ಭದ್ರವಾಗಿರಲಿ.

ಮಗು ದುಡಿಯುವುದಿಲ್ಲವಲ್ಲ, ಅದಕ್ಕೇನು ಪರಿಹಾರ ಎಂದು ಕೇಳುವವರಿದ್ದಾರೆ. ಮಕ್ಕಳ ಅಂಗವೈಕಲ್ಯಕ್ಕೆ ಶೇಕಡಾ 10ಕ್ಕಿಂತ ಹೆಚ್ಚಾಗಿ 30ರವರೆಗೆ ಇದ್ದರೆ 3 ಲಕ್ಷ, 60ರವರೆಗೆ 4 ಲಕ್ಷ ರೂಪಾಯಿ ಎಂಬ ಅಳತೆಯನ್ನು ಸುಪ್ರೀಂ ಕೋರ್ಟು 2013ರಲ್ಲಿಯೇ ಹಾಕಿಕೊಟ್ಟಿತು. ಐದನೆಯ ವಯಸ್ಸಿನಲ್ಲಿ ಅಪಘಾತಕ್ಕೀಡಾಗಿ ಕಾಲುಗಳ ಬಲ ಕಳೆದುಕೊಂಡ ಕರ್ನಾಟಕದ ಬಾಲಕನಿಗೆ ಅದೇ ನ್ಯಾಯಾಲಯ 2022ರಲ್ಲಿ ಸುಮಾರು 49.93 ಲಕ್ಷ ರೂಪಾಯಿ ಕೊಡಿಸಿತು. ಮನೆವಾರ್ತೆ ನೋಡುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂಬುದು 2010ರ ಮತ್ತು 2021ರ ತೀರ್ಪುಗಳ ಸಾರ.

ರಾಜಿಯ ಮಾತು

ರಾಜಿಯನ್ನು ನಾನು ಬೇಡವೆನ್ನುವುದಿಲ್ಲ. ಹಸಿದ ಮನೆಗೆ ಮೂರು ವರ್ಷದ ಮೇಲೆ ಬರುವ ಹಣಕ್ಕಿಂತ ಈ ವರ್ಷವೇ ಬರುವ ಹಣ ಹಿತವೆನಿಸಬಹುದು. ಅದಕ್ಕೆ ಲೋಕ ಅದಾಲತ್ ಇದೆ. ಆದರೆ ಅಲ್ಲಿ ಒಪ್ಪಿದ ಮೊತ್ತವೇ ಅಂತಿಮ, ಅದರ ಮೇಲೆ ಅಪೀಲಿಲ್ಲ. ಒಪ್ಪುವ ಮುನ್ನ ಲೆಕ್ಕ ತಿಳಿದಿರಬೇಕು. ನ್ಯಾಯಾಲಯದಲ್ಲಿರುವ ಮಗುವಿನ ದಾವೆಯನ್ನು ನ್ಯಾಯಾಧೀಶರ ಅನುಮತಿಯಿಲ್ಲದೆ ಯಾರೂ ರಾಜಿಮಾಡಲಾಗದು. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಅಳುಕೂ ಬೇಡ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಇವರಿಗೆಲ್ಲ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ.

ಕಡೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ನಮ್ಮ ಕನ್ನಡ ಶಾಲೆಗಳ ಮಕ್ಕಳು ತೆಲುಗನ್ನೂ ಒಂದು ಭಾಷೆಯಾಗಿ ಕಲಿಯುತ್ತಾರೆ. ತಾಯಿತಂದೆಗಳು ಓದಲಾರದ ಕಾಗದವನ್ನು ಅವರು ಓದಬಲ್ಲರು. ಠಾಣೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ಊರ ಕಟ್ಟೆಯ ಮೇಲಾಗಲಿ, ಯಾರಾದರೂ ಮಸಿಯ ಡಬ್ಬಿ ಮುಂದಿಟ್ಟಾಗ ‘ಒಮ್ಮೆ ಓದಿ ಹೇಳು ಮಗಾ’ ಎಂದು ಆ ಕಾಗದವನ್ನು ಅವರ ಕೈಗೆ ಕೊಡಿರಿ. ಓದಿ ಮುಗಿಯುವವರೆಗೆ ಹೆಬ್ಬೆಟ್ಟು ಕಾಯಲಿ.