ಲೋಳಸೂರ ಸೇತುವೆಗೆ ನೀರು ಬರುವ ಹೊತ್ತು

ಆಶ್ಲೇಷ ಮಳೆ ಹಿಡಿಯಿತೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಕಡೆಯ ಹೊಳೆಸಾಲಿನ ಊರುಗಳಲ್ಲಿ ಫೋನಿನಲ್ಲಿ ಮೊದಲು ಕೇಳುವ ಮಾತು ಒಂದೇ: ‘ಹಿಡಕಲ್‌ದಾಗ ಎಷ್ಟ್ ಬಿಟ್ಟಾರ್ರೀ?’ ಉತ್ತರ ಕ್ಯೂಸೆಕ್ಸಿನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರು ಎಂಬ ಲೆಕ್ಕದಲ್ಲಿ, ಬರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನೂ ಆ ಅಂಕಿ ಕೇಳಿ, ದಂಡೆಯ ಮೇಲಿನ ಮೋಟರ್ ಎತ್ತಬೇಕೋ ಬಿಡಬೇಕೋ ಹೇಳಿಬಿಡುತ್ತಾನೆ. ಆ ಅಂಕಿ ತಯಾರಾಗುವ ಬಗೆ ಮಾತ್ರ ಅಷ್ಟು ಸುಲಭದ್ದಲ್ಲ.

ಗೋಕಾಕವನ್ನು ಮುಳುಗಿಸುವ ಮಳೆ ಬೀಳುವುದು ಗೋಕಾಕದಲ್ಲಲ್ಲ. ಇದು ಮಳೆನೆರಳಿನ ಸೀಮೆ. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುವುದುಂಟು. ಮಳೆ ಸುರಿಯುವುದು ಅಂಬೋಲಿ, ಆಜರಾ, ಚಂದಗಡ ಕಡೆಯ ಘಟ್ಟದಲ್ಲಿ. ಘಟಪ್ರಭೆಯ ನೀರು ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, 51 ಟಿಎಂಸಿಯ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ರಾಜಾ ಲಖಮಗೌಡ ಜಲಾಶಯದಲ್ಲಿ ನಿಲ್ಲುತ್ತದೆ. ಆದರೆ ಸಂಕೇಶ್ವರದ ಮೇಲೆ ಹಾದು ಬರುವ ಹಿರಣ್ಯಕೇಶಿ ಆ ಅಣೆಕಟ್ಟಿನ ಕೆಳಗೆ ಸೇರುತ್ತದೆ. ಮಾರ್ಕಂಡೇಯ ಇನ್ನೂ ಕೆಳಗೆ, ಗೋಕಾಕದ ಹತ್ತಿರ. ಹಿಡಕಲ್‌ನ ಗೇಟು ಪೂರ್ತಿ ಇಳಿಸಿದರೂ ಈ ಎರಡು ಹೊಳೆಗಳು ಕೇಳುವುದಿಲ್ಲ. ಮೂರರ ನೀರೂ ಒಂದೇ ಹೊತ್ತಿಗೆ ಗೋಕಾಕದ ಪಕ್ಕದ ಲೋಳಸೂರ ಸೇತುವೆಗೆ ಬಂದರೆ ಊರಿನ ತಗ್ಗು ಓಣಿಗಳು ಉಳಿಯುವುದಿಲ್ಲ. ಹಾಗಾಗಿ ಎಷ್ಟು ಮಳೆಯಾಯಿತು ಎನ್ನುವುದಷ್ಟೇ ಸಾಲದು, ಯಾವ ನೀರು ಯಾವ ಗಂಟೆಗೆ ಬಂದು ಮುಟ್ಟುತ್ತದೆ ಎನ್ನುವುದೂ ಬೇಕು.

ಕೆಲಸ ಶುರುವಾಗುವುದು ಮಳೆಮಾಪಕದಿಂದ. ಒಳಗಿನ ಕೆಲಸ ಮಕ್ಕಳ ಏರಿಳಿಯುವ ಹಲಗೆಯ ಆಟದಂತೆ: ಆಲಿಕೆಯ ಕೆಳಗೆ ಜೋಡಿ ಪುಟ್ಟ ಬಟ್ಟಲು. ಒಂದು ತುಂಬಿದರೆ ಟಕ್ಕೆಂದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ಬಾಯಿ ಒಡ್ಡುತ್ತದೆ. ಒಂದು ಟಕ್ಕಿಗೆ ಇಂತಿಷ್ಟು ಮಳೆ ಎಂದು ಲೆಕ್ಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥ ಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿಸಿದೆ. ಎಣಿಕೆ ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದಲ್ಲಿ ಬೆಂಗಳೂರು ಮುಟ್ಟುತ್ತದೆ. ಆಲಿಕೆಯಲ್ಲಿ ಒಂದು ಎಲೆ ಬಿದ್ದರೂ ಲೆಕ್ಕ ಕೆಟ್ಟಿತು.  

ಮುಂದಿನದು ಗಣಿತ. ನೂರು ಚದರ ಕಿಲೋಮೀಟರಿನ ಮೇಲೆ ಹತ್ತು ಸೆಂಟಿಮೀಟರ್ ಮಳೆ ಬಿದ್ದರೆ ಮೂರನೇ ಒಂದು ಟಿಎಂಸಿಗೂ ಸ್ವಲ್ಪ ಹೆಚ್ಚು ನೀರು. ಒಣ ಮಣ್ಣಾದರೆ ಅದರಲ್ಲಿ ಬಹುಪಾಲು ಕುಡಿದೀತು. ವಾರಗಟ್ಟಲೆ ನೆನೆದ ಮಣ್ಣು ಹೊಳೆಗೇ ತಳ್ಳುತ್ತದೆ. ಇತ್ತ ಜಲಾಶಯದಿಂದ ದಿನವಿಡೀ 11,574 ಕ್ಯೂಸೆಕ್ಸ್ ಬಿಟ್ಟರೆ ಒಂದು ಟಿಎಂಸಿ ಖಾಲಿ. ನನಗೆ ನಿಜಕ್ಕೂ ಬೆರಗು ಹುಟ್ಟಿಸುವುದು ಇದರ ನಂತರದ ಹೆಜ್ಜೆ. ಹವಾಮಾನ ಇಲಾಖೆ ಘಟ್ಟಕ್ಕೆ ಭಾರೀ ಮಳೆಯ ಮುನ್ಸೂಚನೆ ಕೊಟ್ಟಾಗ, ಮಳೆ ಬೀಳುವ ಮೊದಲೇ ಜಲಾಶಯದಲ್ಲಿ ಜಾಗ ಮಾಡಿಟ್ಟುಕೊಳ್ಳಬೇಕು. ಮುನ್ಸೂಚನೆ ಹುಸಿಯಾದರೆ? ಬಿಟ್ಟ ನೀರು ಮರಳಿ ಬಾರದು, ಬೇಸಿಗೆಯಲ್ಲಿ ಕಾಲುವೆಯ ಕೊನೆಯ ರೈತ ಕೇಳುತ್ತಾನೆ. ಬಿಡದೆ ಕೂತು ಮಳೆ ಬಂದರೆ ಗೋಕಾಕ ಕೇಳುತ್ತದೆ. ಗೇಟು ಎತ್ತಲು ಹೇಳುವವರ ಮುಂದಿರುವುದು ಒಂದು ಸಂಭವದ ಲೆಕ್ಕ, ಖಾತ್ರಿಯಲ್ಲ.

2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಗೆ ಹೊಳೆ ನುಗ್ಗಿತು. 2024ರ ಜುಲೈನಲ್ಲಿ ಮತ್ತೆ ಸೇತುವೆಯ ಮೇಲೆ ನೀರು. ಲೆಕ್ಕದಿಂದ ಹೊಳೆಯೇನೂ ನಿಲ್ಲುವುದಿಲ್ಲ. ಸಿಗುವುದು ಒಂದಿಷ್ಟು ಗಂಟೆ. ಡಂಗುರದವನು ಓಣಿ ಸುತ್ತುವಷ್ಟು, ದನದ ಕಣ್ಣಿ ಬಿಚ್ಚಿ ಎತ್ತರದ ಶಾಲೆಯ ಬಯಲಿಗೆ ಹೊಡೆಯುವಷ್ಟು. ಹೊಳೆದಂಡೆಯಲ್ಲಿ ನಾಲ್ವರು ಹಗ್ಗ ಹಾಕಿ ‘ಎಳಿ, ಎಳಿ’ ಎಂದು ಮೋಟರನ್ನು ಕಬ್ಬಿನ ಗದ್ದೆಯ ಮೇಲ್ಬದಿಗೆ ಎಳೆದು ತರುತ್ತಾರೆ. ಕೆಸರು ಒರೆಸಿಕೊಂಡು ಒಬ್ಬ ಮತ್ತೆ ಫೋನ್ ತೆಗೆಯುತ್ತಾನೆ: ‘ಈಗ ಎಷ್ಟ್ ಐತ್ರೀ?’